ಉಪವಾಸ ಸರಿ, ಕೂಲಿ ಕೊಟ್ರಾ?

ಬಳ್ಳಾರಿ ಸೀಮೆಯಲ್ಲಿ ಲೆಂಟ್ ಕಾಲ ಮತ್ತು ಮೆಣಸಿನಕಾಯಿ ಸುಗ್ಗಿ ಹೆಚ್ಚುಕಮ್ಮಿ ಒಟ್ಟಿಗೇ ಬರ್ತವೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರ ಬಿಟ್ಟು ನಲವತ್ತು ದಿನ, ನಮ್ಮಂಥ ಕ್ರೈಸ್ತರ ಮನೆಗಳಲ್ಲಿ ಚಿಕನ್ ಬೇಯಲ್ಲ. ಈಗಿನ ಹುಡುಗರು ಇನ್‌ಸ್ಟಾಗ್ರಾಂ ಬಿಡ್ತಾರೆ. ನನ್ನ ಗೆಳೆಯನೊಬ್ಬ ಪ್ರತಿ ವರ್ಷ ಕಾಫಿ ಬಿಟ್ಟು ಮೂರನೇ ದಿನಕ್ಕೆ ಟೀ ಹಿಡೀತಾನೆ. ಅದೇ ದಿನಗಳಲ್ಲಿ ಸಿರುಗುಪ್ಪ, ಕುರುಗೋಡು ಕಡೆ ಬೆಳಗ್ಗೆ ಆರೂವರೆಗೆ ರೋಡಿಗೆ ಬನ್ನಿ. ಟಾಟಾ ಏಸ್, ಟಂಟಂ ತುಂಬ ಹೆಣ್ಣುಮಕ್ಕಳು. ಸೀರೆ ಮೇಲೆ ಗಂಡಸರ ತುಂಬುತೋಳಿನ ಶರ್ಟು, ತಲೆಗೆ ಟವಲ್, ಮಡಿಲಲ್ಲಿ ಬುತ್ತಿ. ಮೆಣಸಿನಕಾಯಿ ಬಿಡಿಸೋಕೆ ಹೊರಟವರು. ಸಂಜೆ ಮನೆಗೆ ಬಂದು ಆ ಕೈಯಲ್ಲಿ ಮಗುವಿನ ಮುಖ ಮುಟ್ಟೋ ಹಾಗಿಲ್ಲ, ಅಷ್ಟು ಉರಿ.

ಆ ಗಾಡಿಯಲ್ಲಿ ಕೂತವರಲ್ಲಿ ಕೆಲವರು ಕ್ರೈಸ್ತರು. ಅವರು ಹೋಗೋ ಹೊಲದ ಯಜಮಾನರಲ್ಲೂ ಒಬ್ಬಿಬ್ಬರು ಕ್ರೈಸ್ತರು. ಭಾನುವಾರ ಒಂದೇ ಚರ್ಚು, ಒಂದೇ ಹಾಡು, ಒಂದೇ ರೊಟ್ಟಿ. ಸೋಮವಾರದಿಂದ ಶನಿವಾರದವರೆಗೆ ಏನಾಗುತ್ತೆ ಅನ್ನೋದು ಬೇರೆ ವಿಷಯ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೀವಿ. ನನ್ನ ಪ್ರಕಾರ ವಿಷಯ ಇರೋದೇ ಅಲ್ಲಿ.

ಹೆಸರಿಗೆ ಮಾತ್ರ ಕ್ರೈಸ್ತರಾಗಬೇಡಿ ಅಂತ ಎಲ್ಲ ಪ್ರಸಂಗದಲ್ಲೂ ಹೇಳ್ತಾರೆ. ಆಮೇಲೆ ಕೊಡೋ ಪಟ್ಟಿ ನೋಡಿ: ಕುಡಿಬೇಡಿ, ಸಿನಿಮಾ ಕಡಿಮೆ ಮಾಡಿ, ದಶಾಂಶ ಕೊಡಿ, ಬೆಳಗ್ಗೆ ಎದ್ದು ಸತ್ಯವೇದ ಓದಿ. ಒಂದೂ ತಪ್ಪಲ್ಲ. ಆದರೆ ಆ ಸತ್ಯವೇದವನ್ನೇ ತೆಗೆದು ನೋಡಿದ್ರೆ ಅದಕ್ಕೆ ಕೂಲಿ ಲೆಕ್ಕದ ಮೇಲೆ ಎಷ್ಟು ಕಾಳಜಿ ಅಂದ್ರೆ ಆಶ್ಚರ್ಯ ಆಗುತ್ತೆ. ಕೂಲಿಯವನ ಕೂಲಿಯನ್ನು ಬೆಳಗಾಗೋವರೆಗೆ ನಿನ್ನ ಹತ್ತಿರ ಇಟ್ಕೋಬೇಡ ಅನ್ನುತ್ತೆ ಯಾಜಕಕಾಂಡದ 19ನೇ ಅಧ್ಯಾಯ. ಸೂರ್ಯ ಮುಳುಗೋದ್ರೊಳಗೆ ಕೊಡು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ ಅನ್ನುತ್ತೆ ಧರ್ಮೋಪದೇಶಕಾಂಡದ 24. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೇಮ್ ಡೇ ಸೆಟಲ್‌ಮೆಂಟ್. ಯುಪಿಐ ಇಲ್ಲದ ಕಾಲದಲ್ಲಿ! ಹೊಸ ಒಡಂಬಡಿಕೆಗೆ ಬಂದ್ರೆ ಯಾಕೋಬನು ತನ್ನ ಪತ್ರದಲ್ಲಿ ಇನ್ನೂ ಕಟುವಾಗಿದ್ದಾನೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯೇ ಕೂಗಿಕೊಳ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಅಂತಾನೆ. ಕೂಗ್ತಿರೋದು ಕೂಲಿಯವರಷ್ಟೇ ಅಲ್ಲ, ದುಡ್ಡೇ.

ಉಪವಾಸದ ಬಗ್ಗೆ ಯೆಶಾಯನ 58ನೇ ಅಧ್ಯಾಯವಂತೂ ಲೆಂಟ್ ಬಂದಾಗೆಲ್ಲ ನಮ್ಮಲ್ಲಿ ಓದ್ತಾರೆ. ಜನ ದೇವರ ಹತ್ತಿರ ದೂರು ತಗೊಂಡು ಹೋಗ್ತಾರೆ, ನಾವು ಇಷ್ಟು ಉಪವಾಸ ಮಾಡಿದ್ವಿ, ನೀನು ನೋಡ್ಲೇ ಇಲ್ಲ ಅಂತ. ಬರೋ ಉತ್ತರದ ತಾತ್ಪರ್ಯ ಇಷ್ಟು: ಉಪವಾಸದ ದಿನವೇ ನಿಮ್ಮ ವ್ಯವಹಾರ ನೋಡ್ಕೋತೀರಿ, ನಿಮ್ಮ ಆಳುಗಳನ್ನು ಹಿಂಡ್ತೀರಿ. ನನಗೆ ಬೇಕಾದ ಉಪವಾಸ ಕಟ್ಟು ಬಿಚ್ಚೋದು, ಹಸಿದವನ ಜೊತೆ ಅನ್ನ ಹಂಚಿಕೊಳ್ಳೋದು. ಇದನ್ನು ನಮ್ಮೂರಿನ ಯಜಮಾನರು, ಕೂಲಿಯವರು ಅಕ್ಕಪಕ್ಕ ಕೂತು ಕೇಳಿಸಿಕೊಂಡು, ಆಮೆನ್ ಅಂದು, ಮನೆಗೆ ಹೋಗಿ ಮುದ್ದೆ ಊಟ ಮಾಡ್ತಾರೆ.

ಇದೇನು ಇಂಗ್ಲಿಷಿನಲ್ಲಿ ಉಳಿದು ನಮಗೆ ಅರ್ಥ ಆಗದೆ ಹೋದ ಮಾತಲ್ಲ. ಬೈಬಲ್ ಪೂರ್ತಿ ಕನ್ನಡಕ್ಕೆ ಬಂದದ್ದೇ ಬಳ್ಳಾರಿಯಿಂದ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ವರ್ಷಗಟ್ಟಲೆ ಕೂತು ಅನುವಾದ ಮಾಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಕೂಲಿ ತಡಮಾಡಬೇಡ ಅನ್ನೋ ಮಾತು ಈ ಊರಿಗೆ ನಮ್ಮ ಭಾಷೆಯಲ್ಲೇ ಮುಟ್ಟಿ ಸುಮಾರು ಇನ್ನೂರು ವರ್ಷ ಆಗ್ತಾ ಬಂತು. ಇಷ್ಟು ದೊಡ್ಡ ನೋಟಿಸ್ ಪೀರಿಯಡ್ ಯಾವ ಕಂಪನಿಯೂ ಕೊಡಲ್ಲ.

ಸಿರುಗುಪ್ಪದ ಹತ್ತಿರ ನನ್ನ ಚಿಕ್ಕಪ್ಪ ನಾಲ್ಕು ಎಕರೆಯಲ್ಲಿ ಮೆಣಸಿನಕಾಯಿ ಹಾಕ್ತಾರೆ. ಅವರ ಮುಂದೆ ಈ ಯಾಕೋಬನ ಪತ್ರ ಎಲ್ಲ ಹೇಳಿದೆ. ಅವರು ಬೀಡಿ ಆರಿಸಿ ಕೇಳಿದ್ರು, "ಬ್ಯಾಡಗಿಗೆ ಹೋಗಿ ನೋಡೀಯೇನಪ್ಪಾ?" ನ್ಯಾಯವಾದ ಪ್ರಶ್ನೆ. 2024ರ ಲೆಂಟ್ ಕಾಲದಲ್ಲೇ, ಮಾರ್ಚ್ 11ಕ್ಕೆ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರೇಟು ಬಿದ್ದು ರೈತರು ರೊಚ್ಚಿಗೆದ್ದಿದ್ದರು. ಎಪಿಎಂಸಿ ಕಚೇರಿ ಮೇಲೆ ದಾಳಿ ಆಯ್ತು, ವಾಹನಗಳಿಗೆ ಬೆಂಕಿ ಬಿತ್ತು. ನಮ್ಮ ಕಡೆಯ ಕಾಯಿ ಲಾರಿಗಟ್ಟಲೆ ಹೋಗೋದು ಅಲ್ಲಿಗೇ. ಬೀಜ, ಗೊಬ್ಬರ, ಔಷಧಿ ಎಲ್ಲ ಅಂಗಡಿ ಸಾಲ. ಕಾಲುವೆ ನೀರು ಕೊನೇ ತನಕ ಬಂದ್ರೆ ಬಂತು. ಕಾಯಿ ಮಾರಿದ ಮೇಲೆ ದಲಾಲಿ ದುಡ್ಡು ಕೊಡೋಕೂ ದಿನ ಹಿಡಿಯುತ್ತೆ. ಹೀಗಿರುವಾಗ ಸಂಜೆ ಸೂರ್ಯ ಮುಳುಗೋದ್ರೊಳಗೆ ಕೂಲಿ ಎಲ್ಲಿಂದ?

ಸರಿ, ಆದರೆ ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ರೈತನಿಗೆ ತಡ ಆದಾಗ ಆ ತಡವನ್ನ ಅವನು ಕೆಳಗೆ ತಳ್ತಾನೆ. ಕೂಲಿ ಹೆಣ್ಣುಮಗಳಿಗೆ ತಳ್ಳೋಕೆ ಕೆಳಗೆ ಯಾರೂ ಇಲ್ಲ. ಅವಳು ಓಣಿಯಲ್ಲಿ ಬಡ್ಡಿಗೆ ತರ್ತಾಳೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಅಂದ್ರೆ ಕೇಳೋಕೆ ಚಿಕ್ಕದು, ವರ್ಷಕ್ಕೆ 36 ಪರ್ಸೆಂಟ್. ನಿಮ್ಮ ಹೋಮ್ ಲೋನ್ ಪಕ್ಕ ಇಟ್ಟು ನೋಡಿ. ಅಂದ್ರೆ ಹೊಲದ ಯಜಮಾನ ತನ್ನ ಆಳಿನಿಂದಲೇ ಬಡ್ಡಿ ಇಲ್ಲದ ಸಾಲ ತಗೊಂಡು, ಆ ಬಡ್ಡಿಯನ್ನ ಅವಳ ಕೈಲಿ ಕಟ್ಟಿಸ್ತಿದ್ದಾನೆ. ಇದನ್ನ ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ರು, "ಅದಕ್ಕೇ ನಾನು ಶನಿವಾರ ಸಂಜಿಗೆ ಎಲ್ಲಾ ಬಾಕಿ ಚುಕ್ತಾ ಮಾಡಿಬಿಡ್ತೀನಿ. ಭಾನುವಾರ ಅದೇ ಹೆಣ್ಮಕ್ಕಳು ಚರ್ಚಿನ್ಯಾಗ ಮುಂದ ಕುಂತಿರ್ತಾರ. ಹೆಂಗ್ ಮಾರಿ ತೋರಿಸ್ಲಿ?" ಅದಕ್ಕಾಗಿ ಎರಡು ವರ್ಷದ ಹಿಂದೆ ಅವರು ಬೈಕ್ ಮಾರಿದ್ದು ನಮಗೆ ಗೊತ್ತು. ಅವರು ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳಿದ್ದು ನಾನು ಒಮ್ಮೆಯೂ ಕೇಳಿಲ್ಲ. ಲೆಂಟ್‌ನಲ್ಲಿ ಬೀಡಿ ಬಿಡಿ ಅಂದ್ರೆ ಅದೂ ಆಗಿಲ್ಲ.

ಈಗ ಹೆಸರಿನ ವಿಷಯಕ್ಕೆ ಬರ್ತೀನಿ. "ಹೆಸರಿಗೆ ಮಾತ್ರ ಕ್ರೈಸ್ತ" ಅನ್ನೋ ಮಾತು ನಮ್ಮ ಕಡೆ ಅರ್ಧ ಸತ್ಯ. ಹೆಸರೇ ಇಲ್ಲದೆ ಕ್ರೈಸ್ತರಾಗಿ ಬದುಕೋರು ಹಳ್ಳಿಗಳಲ್ಲಿದ್ದಾರೆ. ಚರ್ಚಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಕಾರಣ 1950ರ ಅನುಸೂಚಿತ ಜಾತಿಗಳ ಆದೇಶ. ಮೊದಲು ಹಿಂದೂಗಳಿಗೆ ಮಾತ್ರ ಇದ್ದ ಪರಿಶಿಷ್ಟ ಜಾತಿ ಸ್ಥಾನ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ಉಳಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಹಾಕಿದ್ದಾರೆ, ಅದು ಬೇರೆ ಸಾಲು. ಓಣಿ ಬದಲಾಗಿಲ್ಲ, ಹೋಟೆಲಿನಲ್ಲಿ ನೋಡೋ ಕಣ್ಣು ಬದಲಾಗಿಲ್ಲ, ಸರ್ಟಿಫಿಕೇಟ್ ಮಾತ್ರ ಬದಲಾಗುತ್ತೆ. 2024ರ ನವೆಂಬರಿನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕ್ರೈಸ್ತರಾಗಿ ನಡೆದುಕೊಳ್ತಾ, ಮೀಸಲಾತಿಗೋಸ್ಕರ ಹಿಂದೂ ಅಂತ ಹೇಳಿಕೊಳ್ಳೋದು ಸಂವಿಧಾನಕ್ಕೆ ಮಾಡೋ ವಂಚನೆ. ಕಾನೂನಿನ ದಾರಿ ಅದು. ಆದರೆ ನಗರದ ಚರ್ಚಿನ ಎಸಿ ಹಾಲ್‌ನಲ್ಲಿ ಕೂತು, ಆಧಾರ್ ಮೇಲೆ ಬೈಬಲ್ ಹೆಸರು ಇರೋ ನನ್ನಂಥವರು ಆ ಹಳ್ಳಿಯವರನ್ನ "ಇವರೇನ್ ಕ್ರೈಸ್ತರು" ಅಂತ ಆಡಿಕೊಳ್ಳೋದು ನನಗೆ ಸಹಿಸೋಕಾಗಲ್ಲ. ನನ್ನ ಹೆಸರಿಗೆ ನಾನು ಒಂದು ರೂಪಾಯಿ ಕೊಟ್ಟಿಲ್ಲ. ಅವರಲ್ಲಿ ಒಬ್ಬರು ಹೆಸರು ಬದಲಾಯಿಸಬೇಕಾದ್ರೆ ಮಗಳ ಹಾಸ್ಟೆಲ್ ಸೀಟು ಕೊಡಬೇಕು.

ಕುರುಗೋಡು ಕಡೆ ನಾನು ನೋಡಿದ ಒಬ್ಬ ಆಯಮ್ಮ ಹಾಗೇ. ದಾಖಲೆಯಲ್ಲಿ ಇರೋದು ಗ್ರಾಮದೇವತೆಯ ಹೆಸರು. ಮೆಣಸಿನಕಾಯಿ ಬಿಡಿಸೋ ಹದಿನೈದು ಹೆಣ್ಣುಮಕ್ಕಳ ಗುಂಪಿಗೆ ಆಕೆಯೇ ಮೇಸ್ತ್ರಿ. ತೂಕದ ಮೇಲೆ ಬರೋ ದುಡ್ಡನ್ನ ಆಕೆ ತಲೆಗೆ ಸಮ ಹಂಚ್ತಾಳೆ. ಬೆನ್ನು ಬಾಗಿದ ಮೂವರು ಮುದುಕಿಯರು ಅರ್ಧ ಚೀಲ ಕೂಡ ತುಂಬಲ್ಲ, ಅವರಿಗೂ ಅಷ್ಟೇ. ತಾನು ಮೇಸ್ತ್ರಿ ಕಮಿಷನ್ ಇಟ್ಕೊಳ್ಳಲ್ಲ. ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿತೋಟದ ಯಜಮಾನ ಸಂಜೆ ಬಂದವನಿಗೂ ಪೂರ್ತಿ ಕೂಲಿ ಕೊಟ್ಟ ಕಥೆ ಬರುತ್ತಲ್ಲ, ಅದನ್ನ ನಾನು ನೆನಪಿಸಿದೆ. ಆಯಮ್ಮನಿಗೆ ಓದೋಕೆ ಬರಲ್ಲ, ಕಥೆ ಕೇಳಿ ಗೊತ್ತು. "ಆ ಯಜಮಾನ ತನ್ನ ದುಡ್ಡು ಕೊಟ್ಟ. ನಾನು ಈ ಹುಡಿಗೇರ ದುಡ್ಡು ಕೊಡ್ತೀನಿ. ಎರಡೂ ಒಂದ ಅಲ್ಲಪ್ಪಾ" ಅಂದ್ಲು. ನಿಜ. ಕೈಚುರುಕಿನ ಇಬ್ಬರು ಹುಡುಗಿಯರು ಬೇರೆ ಗುಂಪಿಗೆ ಹೋಗಿಬಿಟ್ಟಿದ್ದಾರೆ, ಅವರ ಮೇಲೆ ಆಯಮ್ಮನಿಗೆ ಸಿಟ್ಟಿಲ್ಲ. ಅವರಿಗೂ ಮನೆ ಇದೆ. ಸಮ ಹಂಚೋದೇ ಸರಿ ಅಂತ ನಾನೂ ಎದೆ ತಟ್ಟಿ ಹೇಳಲಾರೆ. ಆದರೆ ಇದೇ ಪ್ರಶ್ನೆಯನ್ನ ಪ್ರತಿ ಸಂಜೆ ತಕ್ಕಡಿ ಮುಂದೆ ನಿಂತು ಕೇಳಿಕೊಳ್ತಾಳಲ್ಲ, ಅಷ್ಟನ್ನ ನಮ್ಮ ಬೈಬಲ್ ಸ್ಟಡಿಯಲ್ಲಿ ನಾನು ಕಂಡಿಲ್ಲ.

ನಗರದವರು ಇದೆಲ್ಲ ರೈತರ ವಿಷಯ ಅಂತ ಸ್ಕ್ರಾಲ್ ಮಾಡಬೇಡಿ. ಕಾರಿನ ಹಿಂದಿನ ಗಾಜಿಗೆ ಯೇಸು ನನ್ನ ಕುರುಬ ಅಂತ ಸ್ಟಿಕ್ಕರ್, ಮನೆಗೆಲಸದಾಕೆ ನಾಲ್ಕು ದಿನ ಜ್ವರಕ್ಕೆ ಮಲಗಿದ್ರೆ ನಾಲ್ಕು ದಿನದ ಸಂಬಳ ಕಟ್. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪೀಸ್ ರೇಟಿಗೆ ಹೊಲಿಯೋರ ಬಾಕಿ ಕ್ರಿಸ್‌ಮಸ್ ಆದ ಮೇಲೆ ನೋಡೋಣ ಅನ್ನೋ ಮಾಲೀಕರಲ್ಲೂ ನಮ್ಮವರಿದ್ದಾರೆ. ಚರ್ಚಿಗೆ ಸೇರಿದ ಒಂದು ಶಾಲೆಯಲ್ಲಿ ಪಾಠ ಮಾಡೋ ನನ್ನ ಗೆಳತಿ ಪ್ರತಿ ತಿಂಗಳು ಒಂದು ಮೊತ್ತಕ್ಕೆ ಸಹಿ ಹಾಕಿ ಇನ್ನೊಂದು ಮೊತ್ತ ಎಣಿಸಿಕೊಳ್ತಾಳೆ. ಬೆಳಗಿನ ಅಸೆಂಬ್ಲಿಯಲ್ಲಿ ಮಕ್ಕಳಿಗೆ ಸತ್ಯ ಹೇಳಿ ಅಂತ ಕಲಿಸೋಳೂ ಅವಳೇ. ಇನ್ನು ಮದುವೆ ಸೈಟುಗಳಲ್ಲಿ "ಕ್ರಿಶ್ಚಿಯನ್" ಆದ ಮೇಲೂ ಮತ್ತೊಂದು ಕಾಲಂ ಯಾಕಿದೆ, ಅದರಲ್ಲಿ ನಮ್ಮವರು ಏನು ತುಂಬ್ತಾರೆ ಅಂತ ನಿಮಗೇ ಗೊತ್ತು, ಅದಕ್ಕೊಂದು ಬೇರೆ ಅಂಕಣವೇ ಬೇಕು.

ಜಕ್ಕಾಯನ ಕಥೆ ನನಗಿಷ್ಟ. ಯೆರಿಕೋ ಊರಿನ ದೊಡ್ಡ ಸುಂಕದವನು, ಕುಳ್ಳ, ಯೇಸುವನ್ನ ನೋಡೋಕೆ ಮರ ಹತ್ತಿದವನು. ಸಂಡೇ ಸ್ಕೂಲಿನಲ್ಲಿ ಆ ಮರ ಹತ್ತೋದಷ್ಟನ್ನೇ ಹಾಡು ಮಾಡಿ ಕುಣಿಸ್ತಾರೆ. ಲೂಕ ಬರೆದದ್ದನ್ನ ಪೂರ್ತಿ ಓದಿದ್ರೆ, ಯೇಸು ಮನೆಗೆ ಬಂದಾಗ ಅವನು ವಿಶ್ವಾಸ ಪ್ರಮಾಣ ಹೇಳಲ್ಲ, ಲೆಕ್ಕ ಹೇಳ್ತಾನೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ರೆ ನಾಲ್ಕರಷ್ಟು ವಾಪಸ್. ಈ ಮನೆಗೆ ರಕ್ಷಣೆ ಬಂತು ಅಂತ ಯೇಸು ಹೇಳೋದು ಆ ಲೆಕ್ಕ ಕೇಳಿದ ಮೇಲೆ. ಬರೀ ರೋಲ್‌ಬ್ಯಾಕ್ ಅಲ್ಲ, ನಾಲ್ಕು ಪಟ್ಟು. ಹೀಗೆ ಮಾಡಿ ಅಂದ್ರೆ ಯಾವ ಫೈನಾನ್ಸ್ ಟೀಮೂ ಅಪ್ರೂವ್ ಮಾಡಲ್ಲ.

ಈ ಲೆಂಟ್‌ನಲ್ಲಿ ನಮ್ಮ ಯುವಕರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಹುಡುಗಿ ಒಂದು ಸಲಹೆ ಹಾಕಿದಳು. ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಬರೋ ಮುಂಚೆ ಯಾರಿಗೆ ಏನು ಕೊಡಬೇಕು ಅಂತ ಪ್ರತಿಯೊಬ್ಬರೂ ಫೋನ್ ತೆಗೆದು ನೋಡಿ, ಕೊಟ್ಟು ಬರೋಣ ಅಂತ. ಹನ್ನೊಂದು ಜನ ಕೈಮುಗಿದ ಇಮೋಜಿ ಹಾಕಿದ್ರು. ಇಬ್ಬರು ಇದು ಆತ್ಮಿಕ ವಿಷಯ ಅಲ್ಲ ಅಂತ ಗ್ರೂಪ್ ಬಿಟ್ಟರು. ಒಬ್ಬ ಹುಡುಗ ಮಾತ್ರ, ನಮ್ಮ ಚರ್ಚಿನ ಗಂಟೆ ಹೊಡೆಯೋ ತಾತನಿಗೆ ಮೂರು ತಿಂಗಳ ಸಂಬಳ ಬಾಕಿ ಇದೆಯಂತೆ, ಅದು ಯಾರ ಲೆಕ್ಕಕ್ಕೆ ಬರುತ್ತೆ ಅಂತ ಕೇಳಿದ. ಗ್ರೂಪಿನಲ್ಲಿ ಎರಡು ದಿನ ಯಾರೂ ಮಾತಾಡಲಿಲ್ಲ. ಆಮೇಲೆ ಖಜಾಂಚಿಗಳು ಫೋನ್ ಮಾಡಿ, ತಾತನನ್ನ ಕೇಳಿದ್ರೆ ದೇವರ ಕೆಲಸ, ನಡೀತದೆ ಬಿಡಿ ಅಂತಾರಪ್ಪಾ, ನೀವ್ಯಾಕೆ ಗಲಾಟೆ ಮಾಡ್ತೀರಿ ಅಂದ್ರು. ತಾತ ಹಾಗೆ ಅಂತಾರೆ, ಗೊತ್ತು. ಕಿರಾಣಿ ಅಂಗಡಿಯವನು ಹಾಗೆ ಅನ್ನಲ್ಲ.

ಬರೋ ಭಾನುವಾರ ಕಮಿಟಿ ಮೀಟಿಂಗ್ ಇದೆ. ಅಜೆಂಡಾದಲ್ಲಿ ಮೊದಲನೇದು ಈಸ್ಟರ್‌ಗೆ ಹೊಸ ಸೌಂಡ್ ಸಿಸ್ಟಂ, ಎರಡನೇದು ತಾತನ ಸಂಬಳ. ಕ್ರಮ ಬದಲಾಯಿಸಿ ಅಂತ ಮೇಲ್ ಹಾಕಿದ್ದೀನಿ. ಇನ್ನೂ ಉತ್ತರ ಬಂದಿಲ್ಲ.