ಮಲೆನಾಡಿನ ಸೊಸೆ, ಮಾಲ್ಗುಡಿಯ ತಾಯಿ

ಶಿವಮೊಗ್ಗ–ತಾಳಗುಪ್ಪ ರೈಲು ಮಾರ್ಗದಲ್ಲಿ, ಹೊಸನಗರ ತಾಲ್ಲೂಕಿನ ಅರಸಾಳಿನ ಹಳೆಯ ನಿಲ್ದಾಣದ ಎದುರು ನಿಂತವರು ಮೊದಲು ನೆನೆಯುವುದು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ನಿರ್ದೇಶಕ ಶಂಕರ್‌ನಾಗ್ ಅವರನ್ನು. ಆಮೇಲೆ ಅದರಲ್ಲಿ ಬಾಲಕ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಅವರನ್ನು. 2020ರಲ್ಲಿ ಆ ಕಟ್ಟಡ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ದೊಡ್ಡಮನೆಗೆ ಹೋದವರೂ ಜಗಲಿ, ಕಂಬಗಳ ಫೋಟೊ ತೆಗೆದುಕೊಂಡು ಬರುತ್ತಾರೆ. ಆ ಮನೆಯಲ್ಲಿ ಸ್ವಾಮಿಗೆ ತಾಯಿಯಾಗಿದ್ದ ವೈಶಾಲಿ ಕಾಸರವಳ್ಳಿಯವರ ಹೆಸರು ಹೇಳುವವರು ಕಡಿಮೆ.

2010ರ ಸೆಪ್ಟೆಂಬರ್ 27ರಂದು ಅವರು ತೀರಿಕೊಂಡಾಗ ವಯಸ್ಸು 58. ಹುಟ್ಟಿದ್ದು 1952ರಲ್ಲಿ, ಬಿಸಿಲು ನಾಡಿನ ಕಲಬುರಗಿಯಲ್ಲಿ. ರಂಗಭೂಮಿಯಲ್ಲಿ ಪಳಗಿ ಸಿನಿಮಾಕ್ಕೆ ಬಂದರು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ್ ಕಾಸರವಳ್ಳಿಯವರ ಕೈಹಿಡಿದು ನಮ್ಮ ಕಡೆಯ ಸೊಸೆಯಾದರು. ಸಾಗರದ ಹೆಗ್ಗೋಡಿನಲ್ಲಿ ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣ ಗಿರೀಶರ ಸೋದರಮಾವ. ಹಾಗಾಗಿ ನಾಟಕ, ಸಿನಿಮಾ ಎರಡನ್ನೂ ಮನೆಮಾತಿನಂತೆ ಆಡುವ ಬಳಗವೇ ಅವರಿಗೆ ನೆಂಟಸ್ತಿಕೆಯಾಗಿ ಸಿಕ್ಕಿತು.

ಗಿರೀಶರ ‘ಆಕ್ರಮಣ’ ಚಿತ್ರದಲ್ಲಿ ನಟಿಸಿದ ವೈಶಾಲಿಯವರು ದೇಶಕ್ಕೆಲ್ಲ ಪರಿಚಯವಾದದ್ದು 1986ರಲ್ಲಿ ದೂರದರ್ಶನಕ್ಕೆ ಬಂದ ‘ಮಾಲ್ಗುಡಿ ಡೇಸ್’ನಿಂದ. ಗಿರೀಶ್ ಕಾರ್ನಾಡರು ಗಂಭೀರ ಮುಖದ ವಕೀಲ ತಂದೆ. ಮಗನೋ ತುಂಟ, ಪುಕ್ಕಲ. ಇಬ್ಬರ ನಡುವೆ ನಿಂತ ತಾಯಿಗೆ ಉದ್ದದ ಮಾತುಗಳಿಲ್ಲ. ಗಂಡನ ಮುಖ ನೋಡಿ, ಮಗನ ಕಡೆ ತಿರುಗಿ, ಮತ್ತೆ ಕೈಯಲ್ಲಿದ್ದ ಕೆಲಸಕ್ಕೆ ಮರಳುವುದರಲ್ಲೇ ಅವರ ಅಭಿನಯವೆಲ್ಲ. ಅಂಥ ಪಾತ್ರ ಆಡುವುದು ಸುಲಭವಲ್ಲ. ಸ್ವಲ್ಪ ಹೆಚ್ಚಾದರೆ ಗೋಳಾಗುತ್ತದೆ, ಸ್ವಲ್ಪ ಕಡಿಮೆಯಾದರೆ ತಾಯಿ ಗೋಡೆಯ ಕ್ಯಾಲೆಂಡರಾಗುತ್ತಾಳೆ. ವೈಶಾಲಿ ಎರಡೂ ಆಗಲಿಲ್ಲ. ಮಾಲ್ಗುಡಿಯೆಂಬ ಊರು ಎಲ್ಲೂ ಇಲ್ಲ. ಆದರೂ ಅಲ್ಲಿನ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿದೆ ಎಂದು ನಾವು ನಂಬಿದ್ದು ಅವರಿಂದ.

ಮುಂದಿನ ಅವರ ಕೆಲಸವನ್ನು ನಟನೆಯಿಂದ ಸರಿದು ಮಾಡಿದ ಬೇರೆ ಕೆಲಸವೆಂದು ನೋಡುವ ರೂಢಿಯಿದೆ. ನಮಗೆ ಹಾಗನ್ನಿಸುವುದಿಲ್ಲ. ‘ತಾಯಿ ಸಾಹೇಬ’ ಚಿತ್ರಕ್ಕೆ ಮಾಡಿದ ವಸ್ತ್ರವಿನ್ಯಾಸಕ್ಕಾಗಿ ಅವರಿಗೆ 1997ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಸ್ವಾತಂತ್ರ್ಯದ ಆಚೀಚೆಗೆ ಹಬ್ಬಿದ ಕಥೆಯದು. ಜಯಮಾಲಾ ಅವರ ಪಾತ್ರಕ್ಕೆ ವರ್ಷ ಕಳೆದಂತೆ ಸೀರೆಯೂ ಕಾಲವನ್ನು ಹೇಳಬೇಕು. ಸೀರೆ ಬರೀ ಕಣ್ಣಿಗೆ ಚೆಂದ ಕಂಡರೆ ಸಾಲದು. ಅದನ್ನುಟ್ಟವಳು ಹೇಗೆ ಕೂರುತ್ತಾಳೆ, ಸೆರಗನ್ನು ಯಾವಾಗ ಸಿಕ್ಕಿಸಿಕೊಳ್ಳುತ್ತಾಳೆ ಎಂಬುದು ಕ್ಯಾಮೆರಾ ಮುಂದೆ ಸೀರೆಯುಟ್ಟು ನಿಂತವರಿಗೆ ಚೆನ್ನಾಗಿ ಗೊತ್ತು. ಒಳಗಿನ ನಟಿಯೇ ಅಲ್ಲಿ ಬಟ್ಟೆ ಆರಿಸಿದ್ದಾಳೆ.

ಆಮೇಲೆ ಈಟಿವಿಯಲ್ಲಿ ‘ಮೂಡಲ ಮನೆ’ ನಿರ್ದೇಶಿಸಿದರು. ಅದರ ನಂತರ ‘ಮುತ್ತಿನ ತೋರಣ’. ಧಾರಾವಾಹಿಗಳ ತುಂಬ ಬೆಂಗಳೂರಿನ ಕನ್ನಡವೇ ಕೇಳುತ್ತಿದ್ದ ಹೊತ್ತಿನಲ್ಲಿ ‘ಮೂಡಲ ಮನೆ’ ಉತ್ತರ ಕರ್ನಾಟಕದ ಮಾತನ್ನು ನಗೆಯ ಸರಕಾಗಿಸದೆ, ದಿನದ ಬಾಳಿನ ಮಾತಾಗಿ ಆಡಿಸಿತು. ಘಟ್ಟದ ಸೆರಗಿನ ನಮ್ಮ ಜಗಲಿಗಳಲ್ಲಿ ಕುಳಿತವರಿಗೆ ಆ ಮನೆ ದೂರದ್ದೆನ್ನಿಸಲಿಲ್ಲ. ಆಗುಂಬೆಯಲ್ಲಿ ಅವರು ತಾಯಿಯಾಗಿ ಒಂದು ಮನೆಯೊಳಗಿದ್ದರು; ಇಲ್ಲಿ ಇಡೀ ಮನೆಯನ್ನೇ ತಾವು ನಡೆಸಿದರು.

ಧಾರಾವಾಹಿಯ ನಿರ್ದೇಶಕಿಯನ್ನು ಸಿನಿಮಾ ಚರಿತ್ರೆ ಬರೆಯುವವರು ಅಡಿಟಿಪ್ಪಣಿಗೆ ತಳ್ಳುತ್ತಾರೆ, ವಸ್ತ್ರವಿನ್ಯಾಸಕಿಯನ್ನು ಅಲ್ಲಿಗೂ ಸೇರಿಸುವುದಿಲ್ಲ. ವೈಶಾಲಿಯವರ ದುಡಿಮೆ ಹೀಗೆ ಮೂರು ಪಾಲಾಗಿ ಚದುರಿಹೋಗಿದೆ. ಮೂರನ್ನೂ ಒಂದೆಡೆ ಕೂಡಿಸಿ ನೋಡಬೇಕು. ಬರುವ ಸೆಪ್ಟೆಂಬರ್ 27ರಂದು ಹೆಗ್ಗೋಡಿನಲ್ಲೋ ತೀರ್ಥಹಳ್ಳಿಯಲ್ಲೋ ಬೆಳಿಗ್ಗೆ ‘ಆಕ್ರಮಣ’, ಮಧ್ಯಾಹ್ನ ‘ತಾಯಿ ಸಾಹೇಬ’, ಸಂಜೆ ‘ಮೂಡಲ ಮನೆ’ಯ ನಾಲ್ಕು ಕಂತು, ನಡುನಡುವೆ ಸ್ವಾಮಿ ಮತ್ತು ಅವನ ಅಮ್ಮ. ಅಷ್ಟಕ್ಕೆ ಒಂದು ಪರದೆ, ಒಂದು ಪ್ರೊಜೆಕ್ಟರ್, ಮಳೆ ತಡೆಯುವ ಒಂದು ಮಾಡು ಸಾಕು.