ಹಳೆಯ ಹಾಡು, ಹೊಸ ತಾಳ

ಹೊಸ ವಾದ್ಯವೆಂದರೆ ದಾವಣಗೆರೆಯ ಜನ ಬೆಚ್ಚಿಬೀಳುವವರಲ್ಲ. ಚಿಂದೋಡಿ ಮನೆತನದ ನಾಟಕ ಕಂಪನಿಯನ್ನು ಬೆಳೆಸಿದ ಊರು ಅದು. ಕಂಪನಿ ನಾಟಕಕ್ಕೆ ಹಾರ್ಮೋನಿಯಂ ಇಲ್ಲದೆ ಕಳೆಯೇ ಇರಲಿಲ್ಲ. ಆ ಹಾರ್ಮೋನಿಯಂ ಯೂರೋಪಿನಿಂದ ಬಂದ ಅತಿಥಿ. ನಮ್ಮ ಗಮಕಗಳಿಗೆ ಅದು ಒಗ್ಗದೆಂದು ಬಾನುಲಿಯವರು 1940ರಿಂದ 1971ರವರೆಗೆ ಅದನ್ನು ಹೊಸ್ತಿಲಾಚೆಯೇ ನಿಲ್ಲಿಸಿದ್ದರು. ಈಗ ಅದನ್ನು ಪರಕೀಯವೆನ್ನುವವರು ವಿರಳ. ಈಚಿನ ವರ್ಷಗಳಲ್ಲಿ ದಾವಣಗೆರೆ, ಹರಿಹರಗಳ ಗಣೇಶನ ಮೆರವಣಿಗೆಗಳಲ್ಲಿ ಡಿ.ಜೆ.ಯ ಯಂತ್ರತಾಳವನ್ನು ಕೇಳಿ ಹಿರಿಯರು ಕಿವಿ ಮುಚ್ಚಿಕೊಂಡರೆ ಕಿರಿಯರು ಕುಣಿದದ್ದುಂಟು. ಇದೂ ಆ ಹಳೆಯ ಕಥೆಯ ಮುಂದಿನ ಅಧ್ಯಾಯವೇ.

ಆದರೆ 2020ರ ಆಗಸ್ಟ್‌ನಲ್ಲಿ, ಗಣೇಶ ಚತುರ್ಥಿಯ ಸಮಯದಲ್ಲಿ ಎದ್ದ ವಿವಾದ ಬೇರೊಂದು ಬಗೆಯದು. ರ‍್ಯಾಪ್ ಗಾಯಕ ಚಂದನ್ ಶೆಟ್ಟಿಯವರು 'ಕೋಲುಮಂಡೆ ಜಂಗಮ ದೇವರು' ಎಂಬ ಮಲೆ ಮಹದೇಶ್ವರನ ಜನಪದ ಗೀತೆಗೆ ಹೊಸ ತಾಳ ತೊಡಿಸಿ ವಿಡಿಯೋ ಹೊರತಂದರು. ಲಕ್ಷಾಂತರ ಮಂದಿ ನೋಡಿದರು. ಅದರ ಬೆನ್ನಲ್ಲೇ ಚಾಮರಾಜನಗರದ ಕಡೆಯ ಭಕ್ತರು ಸಿಡಿದೆದ್ದರು. ಶರಣೆ ಸಂಕಮ್ಮನನ್ನು ಅಸಭ್ಯವಾಗಿ ಚಿತ್ರಿಸಲಾಗಿದೆಯೆಂಬುದು ಅವರ ಆಕ್ಷೇಪ. ಗಾಯಕರು ಕ್ಷಮೆ ಕೋರಿದರು, ವಿಡಿಯೋವನ್ನು ಹಿಂತೆಗೆಯಲಾಯಿತು.

ಸಂಕಮ್ಮ ಯಾರೆಂದು ಬಲ್ಲವರಿಗೆ ಆ ನೋವು ಅರ್ಥವಾಗದಿರದು. ಕಾಡಿಗೆ ಹೊರಟ ಗಂಡ ನೀಲೇಗೌಡ, ತನ್ನ ಶೀಲದ ಬಗ್ಗೆ ಬಲಗೈ ಭಾಷೆ ಕೊಡೆಂದು ಆಕೆಯನ್ನು ಪೀಡಿಸುತ್ತಾನೆ. ಆಕೆ ಕೊಡಲೊಲ್ಲಳು, ಹಿಂಸೆಯನ್ನು ಸಹಿಸಿಯೂ ಮಣಿಯಳು. ಅಂಥವಳ ಮೊರೆಗೆ ಓಗೊಟ್ಟು ಮಾದಪ್ಪ ಜಂಗಮನಾಗಿ ಬರುತ್ತಾನೆ, ಮಕ್ಕಳ ಫಲವನ್ನು ಕರುಣಿಸುತ್ತಾನೆ. ದೇವರಗುಡ್ಡರು ಕಂಸಾಳೆ ಬಡಿಯುತ್ತ ಇರುಳೆಲ್ಲ ಹಾಡಿ ಉಳಿಸಿಕೊಂಡು ಬಂದ ಕಥೆಯಿದು. ಗಂಡನ ಸಂಶಯದ ಕಣ್ಣಿಗೂ ತಲೆಬಾಗದ ಹೆಣ್ಣನ್ನು ನೋಡುಗರ ಚಪಲದ ಕಣ್ಣಿಗೆ ಒಪ್ಪಿಸಿದರೆ ಕಥೆಯ ಜೀವವೇ ಹೋಗುತ್ತದೆ.

ತಪ್ಪು ಯಂತ್ರತಾಳದ್ದೆಂದು ತೀರ್ಮಾನಿಸುವುದು ಮಾತ್ರ ಅವಸರವಾದೀತು. ಇದೇ ಗೀತೆ 1996ರಲ್ಲಿ ನಾಗಾಭರಣರ 'ಜನುಮದ ಜೋಡಿ' ಚಿತ್ರದಲ್ಲಿ ವಿ. ಮನೋಹರ್ ಅವರ ಸಂಗೀತದಲ್ಲಿ ಬಂದಿತ್ತು. ಅದೂ ಗುಡ್ಡರ ಮೂಲ ಧಾಟಿಯಲ್ಲ. ಸಿನಿಮಾ ವಾದ್ಯಗೋಷ್ಠಿಯ ಹಾಡೇ. ಆದರೂ ನಾಡು ಅದನ್ನು ಮೆಚ್ಚಿ ಗುನುಗಿತು, ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ವಾದ್ಯ ಬದಲಾದರೂ ಅಲ್ಲಿ ಜಂಗಮ ಜಂಗಮನಾಗಿಯೇ ಉಳಿದಿದ್ದ.

ಬೆರಕೆಯಲ್ಲೂ ಒಂದು ಮರ್ಯಾದೆಯುಂಟು. ದಾವಣಗೆರೆಯಿಂದ ಮೂರು ಹರಿದಾರಿ ಸಹ ಇಲ್ಲದ ಹರಿಹರಕ್ಕೆ ಹೋದವರು, 13ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಅದನ್ನು ಕಣ್ಣಾರೆ ಕಾಣಬಹುದು. ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ಒಬ್ಬರಿಗೆ ಎಡೆಕೊಡಲು ಇನ್ನೊಬ್ಬರು ಕುಗ್ಗಿಲ್ಲ.

ಮನೆಯ ಮಕ್ಕಳು ಹಳೆಯ ಹಾಡನ್ನು ಹೊಸ ತಾಳದಲ್ಲೇ ಮೊದಲು ಕೇಳುವ ಕಾಲವಿದು. ಗದರಿಸಿ ನಿಲ್ಲಿಸುವುದರಿಂದ ಫಲವಿಲ್ಲ. ಹಾಡು ಮುಗಿದ ಮೇಲೆ ಸಂಕಮ್ಮನ ಕಥೆಯನ್ನು ಹೇಳುವವರೊಬ್ಬರು ಮನೆಯಲ್ಲಿದ್ದರೆ, ಯಾವ ತಾಳ ಅವಳಿಗೆ ತಕ್ಕುದು, ಯಾವುದು ತಕ್ಕುದಲ್ಲ ಎಂಬುದನ್ನು ಮಕ್ಕಳೇ ಗುರುತಿಸಿಯಾರು.