ಕಣ್ಣಿಗೆ ಕಟ್ಟುವ ಭಯಕ್ಕೂ ಚಿಕಿತ್ಸೆಯಿದೆ

ಗೀಳು ಕಾಯಿಲೆ ಎಂದರೆ ಪದೇಪದೇ ಕೈ ತೊಳೆಯುವುದು, ಬೀಗ ಎಳೆದು ನೋಡುವುದು ಎಂದಷ್ಟೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನನ್ನನ್ನು ಕಾಡಿದ್ದು ಒಂದು ಚಿತ್ರ. ಬಾಣಂತನಕ್ಕೆ ತವರಿನಲ್ಲಿದ್ದೆ. ತರಕಾರಿ ಚಾಕು ಕಂಡರೆ ಸಾಕು, ಅದು ನನ್ನ ಕೈಯಿಂದಲೇ ಮಗುವಿನ ಹೊಟ್ಟೆಗೆ ಇಳಿದಂತೆ, ತೊಟ್ಟಿಲ ಬಟ್ಟೆ ಕೆಂಪಾದಂತೆ ಕಣ್ಣಿಗೆ ಕಟ್ಟುತ್ತಿತ್ತು. ಅದನ್ನು ಅಳಿಸಲು ಗುರುರಾಯರ ಮುಖ ನೆನೆಯುತ್ತಿದ್ದೆ. ಸರಿಯಾಗಿ ಮೂಡದಿದ್ದರೆ ಮತ್ತೆ ಮೊದಲಿನಿಂದ. ಚಾಕುಗಳನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಮನೆಯವರು ದೃಷ್ಟಿ ತೆಗೆದರು, ಹರಕೆ ಹೊತ್ತರು. ಮೊದಲು ನೋಡಿದ ವೈದ್ಯರು ‘ಅಂಥದ್ದೆಲ್ಲ ಯೋಚಿಸಬೇಡಿ’ ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು.

ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ತಳ್ಳಿದಷ್ಟೂ ಚಿತ್ರ ಮರಳಿ ಬರುತ್ತದೆ. ಇಂಥ ಅನಿಷ್ಟ ಯೋಚನೆ, ದೃಶ್ಯಗಳು ಆರೋಗ್ಯವಂತರಿಗೂ ಬಂದುಹೋಗುತ್ತವೆ ಎಂದು ಮನಶ್ಶಾಸ್ತ್ರಜ್ಞರಾದ ರಾಕ್‌ಮನ್ ಮತ್ತು ಡಿ ಸಿಲ್ವ 1978ರಲ್ಲೇ ತೋರಿಸಿದ್ದಾರೆ. ಗೀಳಿರುವವರು ಮಾತ್ರ ‘ಹಾಗಾದರೆ ನಾನೇ ಪಾಪಿ’ ಎಂದು ಹೆದರಿ, ಅದನ್ನು ಅಳಿಸಲು ಹೆಣಗುತ್ತಾರೆ. (ಹೆರಿಗೆಯ ನಂತರ ವಾಸ್ತವದ ಅರಿವೇ ತಪ್ಪುವ ತೀವ್ರ ಕಾಯಿಲೆ ಬೇರೆ, ಅದಕ್ಕೆ ಆ ಕ್ಷಣವೇ ಆಸ್ಪತ್ರೆ ಬೇಕು.)

ಕೊನೆಗೆ ಸಿಕ್ಕ ಮನಶ್ಶಾಸ್ತ್ರಜ್ಞೆ ಕೇಳಿದ್ದು ‘ಏನು ಕಾಣುತ್ತದೆ?’ ಎಂದು. ಅದುವರೆಗೆ ಯಾರೂ ಕೇಳಿರಲಿಲ್ಲ. ಆ ದೃಶ್ಯವನ್ನು ನನ್ನಿಂದಲೇ ಬರೆಸಿ, ಓದಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿದರು. ದಿನವೂ ಕೇಳಬೇಕು. ರಾಯರನ್ನು ಕರೆಯುವಂತಿಲ್ಲ; ‘ನಾನು ಹಾಗೆ ಮಾಡಲ್ಲ ಅಲ್ವಾ?’ ಎಂದು ಅಮ್ಮನನ್ನು ಪೀಡಿಸುವಂತಿಲ್ಲ. ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಬರಬರುತ್ತಾ ಅದೇ ಮಾತು ಕೇಳಿ ಬೇಸರ ಬಂತು! ಆಮೇಲೆ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಹುರುಳಿಕಾಯಿ ಹೆಚ್ಚುವ ಅಭ್ಯಾಸ. ಮಾತ್ರೆಯೂ ಜೊತೆಗಿತ್ತು. ಭಯಕ್ಕೆ ಎದುರಾಗಿ ನಿಂತು, ಅದನ್ನು ಶಮನ ಮಾಡುವ ಆಚರಣೆಯನ್ನು ತಡೆಯುವ ಈ ವಿಧಾನಕ್ಕೆ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಬುನಾದಿ ಹಾಕಿದ್ದರು. ಚಿತ್ರದ ಬೇರು ಹಳೆಯ ಕಹಿ ಘಟನೆಯಲ್ಲಿದ್ದರೆ, ಕಲ್ಪನೆಯಲ್ಲಿ ಅಲ್ಲಿಗೇ ಮರಳಿ ಅದರ ಗತಿ ಬದಲಿಸುವ ಚಿಕಿತ್ಸೆಯೂ ಇದೆ. ಅದರ ಸಂಶೋಧನೆ ಇನ್ನೂ ಬೆಳೆಯಬೇಕು.

ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಕ್ಲಿನಿಕ್ ಇದೆ. ಆದರೆ ಹಸುಗೂಸಿನೊಂದಿಗೆ ವಾರವಾರ ಬೆಂಗಳೂರಿಗೆ ಹೋಗಲು ಎಷ್ಟು ಬಾಣಂತಿಯರಿಗೆ ಸಾಧ್ಯ? ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ರಾಜ್ಯದ ಬಳ್ಳಾರಿ. ಅಂಥ ರಾಜ್ಯದಲ್ಲಿ ಪ್ರತಿ ಜಿಲ್ಲೆಯ ಮನಶ್ಶಾಸ್ತ್ರಜ್ಞರಿಗೂ ಭಯಕ್ಕೆ ಎದುರಾಗಿ ನಿಲ್ಲುವ ಈ ಚಿಕಿತ್ಸೆಯ ತರಬೇತಿ ಸಿಗಲೇಬೇಕು. ಮಗುವಿಗೆ ಲಸಿಕೆ ಹಾಕಿಸಲು ಬಂದ ತಾಯಿಯನ್ನು ‘ಬೇಡದ ದೃಶ್ಯ ಏನಾದರೂ ಕಾಣುತ್ತದೆಯಾ?’ ಎಂದು ಮೆಲ್ಲಗೆ ಕೇಳಬೇಕು.

ಇದನ್ನು ಓದುತ್ತಿರುವ ನಿಮಗೇ ಹಾಗಾಗುತ್ತಿದ್ದರೆ ಒಬ್ಬರೇ ಬೇಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ. ಕರೆ ಉಚಿತ.